ಕಾವಲು ನಾಯಿಯ ಕಿವಿ: ಆರೈಕೆ ಮತ್ತು ಸಾಮಾನ್ಯ ತೊಂದರೆಗಳು

ತೋಟದ ಮನೆಯಲ್ಲಿ, ಕಣದಲ್ಲಿ, ಕುರಿಹಟ್ಟಿಯಲ್ಲಿ ರಾತ್ರಿ ಕಾವಲಿರುವ ನಾಯಿಯು ಕಣ್ಣಿಗಿಂತ ಹೆಚ್ಚಾಗಿ ಮೂಗು ಮತ್ತು ಕಿವಿಗಳನ್ನು ನಂಬಿ ಕೆಲಸ ಮಾಡುತ್ತದೆ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ ಮಾತ್ರ ಕೇಳಿಸುತ್ತದೆ. ನಾಯಿಗೆ 40,000ಕ್ಕೂ ಮೇಲ್ಪಟ್ಟ ಕಂಪನಗಳ ಶಬ್ದವೂ ಕೇಳಿಸುತ್ತದೆ. ಬೇಲಿ ನುಗ್ಗುವ ಹಂದಿಯ ಸದ್ದು, ಹಟ್ಟಿಯ ಸುತ್ತ ಸುಳಿಯುವ ತೋಳದ ಹೆಜ್ಜೆ ನಮಗಿಂತ ಮೊದಲೇ ಅದಕ್ಕೆ ತಿಳಿಯುವುದು ಇದರಿಂದಲೇ. ಎತ್ತಿನ ಗೊರಸನ್ನೂ ಹಸುವಿನ ಕೆಚ್ಚಲನ್ನೂ ದಿನವೂ ತಪ್ಪದೆ ನೋಡುವ ನಾವು ನಾಯಿಯ ಕಿವಿಯನ್ನು ಎತ್ತಿ ನೋಡುವುದು ಮಾತ್ರ ಅಪರೂಪ.

ಕಿವಿನೋವಿನ ನಾಯಿಯನ್ನು ಚಿಕಿತ್ಸಾಲಯಕ್ಕೆ ತಂದವರನ್ನು ವಿಚಾರಿಸಿದರೆ ಸಾಮಾನ್ಯವಾಗಿ ಒಂದೇ ಬಗೆಯ ಉತ್ತರ ದೊರೆಯುತ್ತದೆ. "ಹದಿನೈದು ದಿನದಿಂದ ತಲೆ ಒದರುತ್ತಿತ್ತು ಸಾರ್. ಮೊದಲು ಬಿಸಿ ಎಣ್ಣೆ ಬಿಟ್ಟೆವು. ಆಮೇಲೆ ಯಾರೋ ಹೇಳಿದರು ಅಂತ ಸೀಮೆಎಣ್ಣೆ ಬಿಟ್ಟೆವು. ಈಗ ಮುಟ್ಟಲೂ ಬಿಡುತ್ತಿಲ್ಲ." ನಾಯಿಯನ್ನು ಹಿಡಿದು ನೋಡಿದಾಗ ಒಳಗೆ ಸಿಕ್ಕಿದ್ದು ಒಂದು ಹುಲ್ಲಿನ ಬೀಜವೋ ಒಂದು ಹಿಡಿ ಉಣ್ಣೆಯೋ ಆಗಿರುತ್ತದೆ. ಮೊದಲ ದಿನವೇ ನೋಡಿದ್ದರೆ ಐದು ನಿಮಿಷದ ಕೆಲಸ. ಸುರಿದ ಎಣ್ಣೆ, ಸೀಮೆಎಣ್ಣೆಗಳಿಂದ ಒಳಚರ್ಮ ಸುಟ್ಟು, ಕೀವು ತುಂಬಿ, ಕೆಲವು ನಾಯಿಗಳು ಆ ಕಿವಿಯಲ್ಲಿ ಶಾಶ್ವತವಾಗಿ ಕಿವುಡಾಗುತ್ತವೆ. ಆದುದರಿಂದ ಈ ಲೇಖನದಲ್ಲಿ ಔಷಧಿಗಳ ಹೆಸರಿಗಿಂತ ಹೆಚ್ಚಾಗಿ ನೋಡುವ ಕ್ರಮಕ್ಕೆ ಗಮನ ಕೊಡಲಾಗಿದೆ. ಕಿವಿಗೆ ಏನನ್ನಾದರೂ ಬಿಡುವ ಮುನ್ನ ಅದರಲ್ಲಿ ಏನಿದೆ ಎಂಬುದನ್ನು ತಿಳಿಯಬೇಕು.

ಕಿವಿಯ ರಚನೆ

ನಮ್ಮ ಕಿವಿಯ ನಾಳವು ಹೆಚ್ಚುಕಡಿಮೆ ನೇರವಾಗಿ ಒಳಕ್ಕೆ ಹೋಗುತ್ತದೆ. ನಾಯಿಯದು ಹಾಗಲ್ಲ. ಅದರ ಕಿವಿನಾಳವು ಮೊದಲು ಬಾವಿಯಂತೆ ಕೆಳಕ್ಕೆ ಇಳಿದು, ಬಳಿಕ ತಲೆಯ ಒಳಭಾಗಕ್ಕೆ ಅಡ್ಡವಾಗಿ ತಿರುಗುತ್ತದೆ. ಆ ಅಡ್ಡ ನಾಳದ ತುದಿಯಲ್ಲಿ ತೆಳುವಾದ ತಮಟೆಯಿರುತ್ತದೆ. ತಮಟೆಯ ಆಚೆಗೆ ನಡುಗಿವಿ, ಅದರಾಚೆ ಒಳಗಿವಿ. ಒಳಗಿವಿಯು ಕೇಳುವುದಕ್ಕೆ ಮಾತ್ರವಲ್ಲದೆ ದೇಹದ ಸಮತೋಲನಕ್ಕೂ ಆಧಾರವಾಗಿದೆ.

ಈ ತಿರುವಿನಿಂದ ಎರಡು ಪರಿಣಾಮಗಳಿವೆ. ಒಂದು, ಒಳಕ್ಕೆ ಹೋದ ನೀರು, ಕಸ, ಗುಗ್ಗೆ ತಾನಾಗಿ ಹೊರಬರುವುದು ಕಷ್ಟ. ಎರಡು, ನಾವು ಬ್ಯಾಟರಿ ಬಿಟ್ಟು ನೋಡಿದರೂ ಕಾಣುವುದು ಬಾವಿಯ ಮೇಲ್ಭಾಗ ಮಾತ್ರ. ತಮಟೆ ಹರಿದಿದೆಯೋ ಇಲ್ಲವೋ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಪಶುವೈದ್ಯರು ಅದಕ್ಕೆಂದೇ ಇರುವ ಉಪಕರಣದಿಂದ ನೋಡಿ ಹೇಳಬೇಕು. ಹರಿದ ತಮಟೆಯ ಮೂಲಕ ತಪ್ಪು ಔಷಧಿ ಒಳಗಿವಿಗೆ ಇಳಿದರೆ ಶ್ರವಣಶಕ್ತಿಯೇ ಹೋಗಬಹುದು. ಮನುಷ್ಯರ ಕಿವಿಗೆಂದು ತಂದು ಉಳಿದ ಔಷಧಿಯನ್ನು ನಾಯಿಗೆ ಹಾಕಬಾರದು ಎನ್ನುವುದಕ್ಕೆ ಇದೇ ಮುಖ್ಯ ಕಾರಣ.

ಜೋಲುಕಿವಿಯ ನಾಯಿಗಳಲ್ಲಿ ಗಾಳಿ ಆಡುವುದು ಕಡಿಮೆ. ಒಳಗೆ ಬೆಚ್ಚಗೆ, ತೇವವಾಗಿ ಇರುವುದರಿಂದ ರೋಗಾಣುಗಳು ಬೇಗ ಬೆಳೆಯುತ್ತವೆ. ನಮ್ಮ ಮುಧೋಳ ನಾಯಿಯ ಕಿವಿ ಜೋಲುಕಿವಿಯೇ ಆದರೂ ತೆಳುವಾಗಿದ್ದು ಒಳಗೆ ಕೂದಲು ಕಡಿಮೆ. ಲ್ಯಾಬ್ರಡಾರ್, ಕಾಕರ್ ಸ್ಪೇನಿಯಲ್ ಮತ್ತು ಇವುಗಳ ಬೆರಕೆ ನಾಯಿಗಳನ್ನು ಸಾಕಿದವರು ಹೆಚ್ಚು ಎಚ್ಚರ ವಹಿಸಬೇಕು. ನಿಮಿರುಕಿವಿಯ ಊರನಾಯಿಗೆ ಕಿವಿ ಸೋರುವುದು ಅಷ್ಟಾಗಿ ಕಾಣದಿದ್ದರೂ ಉಣ್ಣೆ ಮತ್ತು ನೊಣಗಳ ಕಾಟ ತಪ್ಪಿದ್ದಲ್ಲ.

ವಾರಕ್ಕೊಮ್ಮೆ ನೋಡುವುದು

ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಳ್ಳಿ. ಸಂತೆಯ ದಿನವಾದರೆ ಮರೆಯುವುದಿಲ್ಲ. ನಾಯಿಯನ್ನು ಬೆಳಕಿನಲ್ಲಿ ಕೂರಿಸಿ ಎರಡೂ ಕಿವಿಗಳನ್ನು ಒಂದಾದ ಮೇಲೊಂದರಂತೆ ಮಗುಚಿ ನೋಡಿ. ಆರೋಗ್ಯವಾದ ಕಿವಿಯ ಒಳಭಾಗವು ತಿಳಿಗುಲಾಬಿ ಬಣ್ಣವಾಗಿದ್ದು, ಮುಟ್ಟಿದರೆ ಬೆಚ್ಚಗಿರಬೇಕೇ ಹೊರತು ಬಿಸಿಯಾಗಿರಬಾರದು. ತಿಳಿಕಂದು ಬಣ್ಣದ ಸ್ವಲ್ಪ ಗುಗ್ಗೆ ಇರುವುದು ಸಹಜ. ಅದು ಕಿವಿಯ ರಕ್ಷಣೆಗಾಗಿಯೇ ಇದೆ, ತೆಗೆಯಬೇಕಾಗಿಲ್ಲ.

ಬಳಿಕ ಮೂಗು ಹತ್ತಿರ ತಂದು ಮೂಸಿ ನೋಡಿ. ಇದಕ್ಕೆ ಸಂಕೋಚ ಬೇಡ. ಹಾಲು ಕೆಟ್ಟಿದೆಯೇ ಎಂದು ಮೂಸಿ ತಿಳಿಯುವವರಿಗೆ ಇದು ಕಷ್ಟದ ವಿದ್ಯೆಯಲ್ಲ. ಆರೋಗ್ಯವಾದ ಕಿವಿಗೆ ಹೆಚ್ಚಿನ ವಾಸನೆ ಇರುವುದಿಲ್ಲ. ಹುಳಿ ಹಿಟ್ಟಿನಂಥ ಕಮಟು ವಾಸನೆ ಅಥವಾ ಕೊಳೆತ ವಾಸನೆ ಬಂದರೆ ಒಳಗೆ ರೋಗವಿದೆ ಎಂದೇ ತಿಳಿಯಬೇಕು. ಕಣ್ಣಿಗೆ ಏನೂ ಕಾಣದಿದ್ದಾಗಲೂ ವಾಸನೆಯು ಮೊದಲೇ ಸುಳಿವು ಕೊಡುತ್ತದೆ.

ನಾಯಿಯ ನಡತೆಯನ್ನೂ ಗಮನಿಸಿ. ಪದೇಪದೇ ತಲೆ ಒದರುವುದು, ಹಿಂಗಾಲಿನಿಂದ ಕಿವಿಯ ಬುಡ ಕೆರೆಯುವುದು, ತಲೆಯನ್ನು ಗೋಡೆಗೆ ಅಥವಾ ನೆಲಕ್ಕೆ ಉಜ್ಜುವುದು, ಒಂದು ಕಡೆಗೆ ತಲೆ ವಾಲಿಸುವುದು, ಕಿವಿಯ ಹತ್ತಿರ ಕೈ ಹೋದರೆ ಗುರುಗುಟ್ಟುವುದು ಇವೆಲ್ಲ ಕಿವಿನೋವಿನ ಲಕ್ಷಣಗಳು. ಒಂದೇ ಕಿವಿಯಲ್ಲಿ ಇದ್ದಕ್ಕಿದ್ದಂತೆ ತೊಂದರೆಯಾದರೆ ಏನೋ ಒಳಹೊಕ್ಕಿದೆ ಎಂದು ಮೊದಲು ಸಂಶಯಪಡಿ. ಎರಡೂ ಕಿವಿಗಳಲ್ಲಿ ಬಂದು, ವಾಸಿಯಾಗಿ, ಮತ್ತೆ ಬರುತ್ತಿದ್ದರೆ ಅದು ನುಸಿಯಿಂದ ಅಥವಾ ಚರ್ಮದ ಒಗ್ಗದಿಕೆಯಿಂದ ಆಗಿರುವ ಸಂಭವ ಹೆಚ್ಚು.

ಮುಟ್ಟುವ ಮೊದಲು

ಎಷ್ಟೇ ಸಾಧುವಾದ ನಾಯಿಯಾದರೂ ನೋವಿರುವ ಕಿವಿಯನ್ನು ಮುಟ್ಟಿದಾಗ ಕಚ್ಚಬಹುದು. ಸುಮಾರು ಎರಡೂವರೆ ಮೊಳ ಉದ್ದದ ಮೆತ್ತನೆಯ ಬಟ್ಟೆಯ ಪಟ್ಟಿಯಿಂದ ಮೂತಿಗೆ ಒಂದು ಸುತ್ತು ಹಾಕಿ, ಗಂಟನ್ನು ದವಡೆಯ ಕೆಳಗೆ ತಂದು, ಎರಡೂ ತುದಿಗಳನ್ನು ಕಿವಿಗಳ ಹಿಂದೆ ಕತ್ತಿನ ಮೇಲೆ ಬಿಚ್ಚುಗಂಟು ಹಾಕಬೇಕು. ಬಿಸಿಲಿನಲ್ಲಿ ಇಲ್ಲವೆ ಏದುಸಿರು ಬಿಡುತ್ತಿರುವಾಗ ಹೀಗೆ ಕಟ್ಟಬೇಡಿ. ನಾಯಿಯು ಬಾಯಿ ತೆರೆದು ನಾಲಿಗೆ ಚಾಚಿಯೇ ಮೈಯನ್ನು ತಂಪುಮಾಡಿಕೊಳ್ಳುವುದರಿಂದ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಾಯಿ ಕಟ್ಟಿಡುವುದು ಅಪಾಯ. ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ಕೆಲಸ ಮಾಡುವುದು ಉತ್ತಮ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ನಾಯಿಯು ಇದ್ದಕ್ಕಿದ್ದಂತೆ ಗುಣ ಬದಲಿಸಿದ್ದರೆ, ಜೊಲ್ಲು ಸುರಿಸುತ್ತಿದ್ದರೆ, ಕೆಳದವಡೆ ಜೋತುಬಿದ್ದಿದ್ದರೆ, ಬೊಗಳುವ ಧ್ವನಿ ಒಡೆದಿದ್ದರೆ, ಕಲ್ಲು ಕಡ್ಡಿಗಳನ್ನು ಕಚ್ಚುತ್ತಿದ್ದರೆ ಅದರ ಕಿವಿಯನ್ನೂ ಬಾಯಿಯನ್ನೂ ನೋಡಲು ಹೋಗಬಾರದು. ಹುಚ್ಚುನಾಯಿ ರೋಗದಲ್ಲಿ ಈ ಲಕ್ಷಣಗಳು ಕಾಣುತ್ತವೆ. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಬಾಯಿಗೆ ಕೈಹಾಕಿದವರು ಅಪಾಯಕ್ಕೆ ಸಿಕ್ಕಿಕೊಳ್ಳುತ್ತಾರೆ. ಸಾಕಿದ ನಾಯಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದಂತೆ ಪ್ರತಿವರ್ಷ ಮುಂದುವರಿಸತಕ್ಕದ್ದು. ಯಾವುದೇ ನಾಯಿ ಕಚ್ಚಿದರೆ ಅಥವಾ ಹಲ್ಲು ತಾಗಿ ಚರ್ಮ ತರಚಿದರೆ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಗಾಯಕ್ಕೆ ಸುಣ್ಣ, ಅರಿಶಿನ, ಮೆಣಸಿನಪುಡಿ ಹಚ್ಚಕೂಡದು.

ಉಣ್ಣೆ

ಹಳ್ಳಿಯ ನಾಯಿಯ ಕಿವಿಯಲ್ಲಿ ಮೊದಲು ಕಾಣುವುದು ಉಣ್ಣೆ. ಕಿವಿಯ ಒಳಮಡಿಕೆಗಳಲ್ಲಿ, ಅಂಚಿನ ಸಣ್ಣ ಸೀಳಿನಲ್ಲಿ, ಬುಡದ ಕೂದಲಿನಲ್ಲಿ ಅವು ಗುಂಪುಗುಂಪಾಗಿ ಕಚ್ಚಿಕೊಂಡಿರುತ್ತವೆ. ರಕ್ತ ಕುಡಿದ ಹೆಣ್ಣು ಉಣ್ಣೆಯು ಹರಳು ಬೀಜದಂತೆ ಬೂದುಬಣ್ಣದಲ್ಲಿ ಉಬ್ಬಿರುತ್ತದೆ. ಗಂಡು ಮತ್ತು ಮರಿಗಳು ಚಪ್ಪಟೆಯಾಗಿ ಕಂದುಬಣ್ಣದಲ್ಲಿರುತ್ತವೆ. ಉಬ್ಬಿದ ಹೆಣ್ಣು ನಾಯಿಯಿಂದ ಕಳಚಿ ಬಿದ್ದು ಗೋಡೆಯ ಸಂದಿಯಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಹೀಗಾಗಿ ನಾಯಿಯ ಮೈ ಮಾತ್ರ ಸ್ವಚ್ಛಮಾಡಿ, ಅದು ಮಲಗುವ ಜಾಗವನ್ನು ಹಾಗೆಯೇ ಬಿಟ್ಟರೆ ತಿಂಗಳೊಳಗೆ ಮತ್ತೆ ಮೊದಲಿನಂತಾಗುತ್ತದೆ.

ಉಣ್ಣೆಯನ್ನು ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು, ತಿರುಚದೆ, ಮೆಲ್ಲಗೆ ನೇರವಾಗಿ ಎಳೆಯಬೇಕು. ಕಿತ್ತದ್ದನ್ನು ಸಾಬೂನು ನೀರಿನ ಡಬ್ಬಿಗೆ ಹಾಕಿ. ಬೆರಳಿನಿಂದ ಹೊಸಕುವುದು, ಬೀಡಿಯ ಬೆಂಕಿ ತಾಗಿಸುವುದು ಬೇಡ. ನಾಳದ ಒಳಕ್ಕೆ ಇಳಿದಿರುವ ಉಣ್ಣೆಯನ್ನು ಮನೆಯಲ್ಲಿ ಕೀಳಲು ಹೋಗಬಾರದು.

ಉಣ್ಣೆಯಿಂದ ಆಗುವ ಕೆರೆತಕ್ಕಿಂತ ಅದು ರಕ್ತಕ್ಕೆ ಸೇರಿಸುವ ರೋಗಗಳು ಹೆಚ್ಚು ಅಪಾಯಕಾರಿ. ಉಣ್ಣೆಯಿದ್ದ ನಾಯಿಗೆ ಜ್ವರ ಬಂದು, ಮೇವು ಬಿಟ್ಟು, ಒಸಡು ಬಿಳುಚಿಕೊಂಡಿದ್ದರೆ, ಮೂಗಿನಿಂದ ರಕ್ತ ಸೋರಿದರೆ, ಮೂತ್ರ ಕೆಂಪಾಗಿ ಇಲ್ಲವೆ ಕಾಫಿ ಬಣ್ಣವಾಗಿ ಹೋದರೆ ಅದು ಎರ್ಲೀಕಿಯಾ ಅಥವಾ ಬಬೇಸಿಯಾ ಇರಬಹುದು. ತಡಮಾಡದೆ ರಕ್ತಪರೀಕ್ಷೆ ಮಾಡಿಸಬೇಕು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಇವೆರಡೂ ವಾಸಿಯಾಗುವ ರೋಗಗಳೇ.

ಕಿವಿ ನುಸಿ

ಇದು ಬೇರೆಯೇ ಜೀವಿ, ಕಣ್ಣಿಗೆ ಕಾಣುವುದು ಕಷ್ಟ. ಮರಿಗಳಲ್ಲಿ ಹೆಚ್ಚು. ಎರಡೂ ಕಿವಿಗಳ ಒಳಗೆ ಕಾಫಿಪುಡಿಯ ಗಸಿಯಂತೆ ಕಪ್ಪಾದ, ಒಣಗಿದ ಪುಡಿಯಿದ್ದು, ವಿಪರೀತ ಕೆರೆತವಿದ್ದರೆ ನುಸಿ ಎಂದು ಸಂಶಯಪಡಬಹುದು. ಆ ಪುಡಿಯಲ್ಲಿ ಸ್ವಲ್ಪವನ್ನು ಕರಿಯ ಕಾಗದದ ಮೇಲೆ ಹರಡಿ ಬಿಸಿಲಿನಲ್ಲಿ ಭೂತಗನ್ನಡಿಯಿಂದ ನೋಡಿದರೆ ಬಿಳಿಯ ಚುಕ್ಕೆಗಳು ನಿಧಾನವಾಗಿ ಸರಿದಾಡುವುದು ಕಾಣಿಸುತ್ತದೆ. ಕಾಣದಿದ್ದ ಮಾತ್ರಕ್ಕೆ ಇಲ್ಲವೆಂದು ತಿಳಿಯಬಾರದು.

ನುಸಿಯು ಮೊಟ್ಟೆಯಿಂದ ಬೆಳೆದು ಮತ್ತೆ ಮೊಟ್ಟೆಯಿಡಲು ಸುಮಾರು ಮೂರು ವಾರ ಬೇಕು. ಹೀಗಾಗಿ ನಾಲ್ಕು ದಿನ ಔಷಧಿ ಹಾಕಿ, ಕೆರೆತ ನಿಂತಿತೆಂದು ಬಿಟ್ಟವರು ಮುಂದಿನ ತಿಂಗಳು ಮತ್ತೆ ಬರುತ್ತಾರೆ. ಇದು ಒಂದರಿಂದೊಂದಕ್ಕೆ ಹರಡುವ ರೋಗ. ಮನೆಯಲ್ಲಿರುವ ಎಲ್ಲ ನಾಯಿಗಳಿಗೂ, ಅಟ್ಟದ ಮೇಲಿನ ಬೆಕ್ಕಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಬೆಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೇ ಎಷ್ಟೋ ಮನೆಗಳಲ್ಲಿ ನುಸಿ ಹೋಗದಿರಲು ಕಾರಣ.

ಉಣ್ಣೆ ಮತ್ತು ನುಸಿ ಎರಡಕ್ಕೂ ಈಗ ನಾಯಿಗೆಂದೇ ತಯಾರಾದ ನುಂಗಿಸುವ ಗುಳಿಗೆಗಳೂ, ಕತ್ತಿನ ಚರ್ಮದ ಮೇಲೆ ಬಿಡುವ ಔಷಧಿಗಳೂ ಇವೆ. ತೂಕ ನೋಡಿ ಪಶುವೈದ್ಯರು ಬರೆದುಕೊಟ್ಟಂತೆ ಉಪಯೋಗಿಸಿ. ಬೆಲೆ ಹೆಚ್ಚೆಂದು ದನದ ಔಷಧಿಯನ್ನೇ ಅಂದಾಜಿನ ಮೇಲೆ ನಾಯಿಗೆ ಕೊಡುವ ರೂಢಿ ಕೆಲವು ಕಡೆ ಇದೆ. ದನಗಳ ಐವರ್ಮೆಕ್ಟಿನ್ ಚುಚ್ಚುಮದ್ದಿನ ಪ್ರಮಾಣ 50 ಕಿಲೋ ತೂಕಕ್ಕೆ 1 ಮಿಲಿಲೀಟರ್. ಇದರ ಮೇಲೆ 15 ಕಿಲೋ ನಾಯಿಗೆ ಮನೆಯಲ್ಲಿ ಅಳೆಯಹೋದರೆ ಒಂದೆರಡು ಗೆರೆ ತಪ್ಪುವುದೂ ದೊಡ್ಡ ತಪ್ಪೇ. ಕೋಲಿ ಮುಂತಾದ ಕುರಿಕಾಯುವ ವಿದೇಶಿ ತಳಿಗಳಲ್ಲಿ ಮತ್ತು ಅವುಗಳ ಬೆರಕೆಗಳಲ್ಲಿ ಹುಟ್ಟಿನಿಂದ ಬಂದ ಒಂದು ಗುಣದಿಂದಾಗಿ ಈ ಔಷಧಿಯು ಮೆದುಳಿಗೆ ಇಳಿದು ನಾಯಿ ಸಾಯುವುದುಂಟು. ಹಾಗೆಯೇ ನಾಯಿಗೆ ಹಾಕುವ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ತಾಗಿಸಲೇಬಾರದು. ಅದು ಬೆಕ್ಕಿಗೆ ವಿಷ.

ಕಿವಿ ಸೋರುವುದು

ಕಿವಿನಾಳದ ಚರ್ಮ ಉರಿಯೂತಗೊಂಡು ಗುಗ್ಗೆ ಹೆಚ್ಚಿ, ಅದರಲ್ಲಿ ಶಿಲೀಂಧ್ರ ಅಥವಾ ಬ್ಯಾಕ್ಟೀರಿಯಾ ಬೆಳೆಯುವುದಕ್ಕೆ ಜನ ಕಿವಿ ಸೋರುವುದು ಎನ್ನುತ್ತಾರೆ. ಈ ರೋಗಾಣುಗಳಲ್ಲಿ ಅನೇಕವು ಆರೋಗ್ಯವಾದ ಕಿವಿಯಲ್ಲಿಯೂ ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತವೆ. ತೇವ ಹೆಚ್ಚಿದಾಗ, ಚರ್ಮ ಒಗ್ಗದಿಕೆಯಿಂದ ಕೆಂಪಾದಾಗ, ನುಸಿ ಅಥವಾ ಹುಲ್ಲು ಚುಚ್ಚಿದಾಗ ಅವು ಮಿತಿಮೀರಿ ಬೆಳೆಯುತ್ತವೆ. ಹೊಲದಲ್ಲಿ ಕಳೆಯ ಬೀಜ ಸದಾ ಇದ್ದು, ನೀರು ನಿಂತಾಗ ಎದ್ದುಬರುವಂತೆಯೇ ಇದು. ಮೇಲೆ ಬಂದದ್ದನ್ನು ಮಾತ್ರ ಕಿತ್ತು, ನಿಂತ ನೀರನ್ನು ಹಾಗೆಯೇ ಬಿಟ್ಟರೆ ಪ್ರಯೋಜನವಿಲ್ಲ.

ಕಂದುಬಣ್ಣದ ಜಿಡ್ಡಾದ ಗುಗ್ಗೆ, ಹುಳಿ ಹಿಟ್ಟಿನ ವಾಸನೆ, ದಪ್ಪಗಾದ ಚರ್ಮ ಇದ್ದರೆ ಸಾಮಾನ್ಯವಾಗಿ ಯೀಸ್ಟ್ ಎಂಬ ಶಿಲೀಂಧ್ರದ ಬೆಳವಣಿಗೆ. ಹಳದಿ ಅಥವಾ ಹಸಿರು ಕೀವು, ದುರ್ವಾಸನೆ, ತೀವ್ರ ನೋವು ಇದ್ದರೆ ಬ್ಯಾಕ್ಟೀರಿಯಾಗಳಿಂದಾದದ್ದು. ಆದರೆ ಬಣ್ಣ, ವಾಸನೆಗಳನ್ನು ಮಾತ್ರ ನಂಬಿ ಔಷಧಿ ಕೊಳ್ಳಬೇಡಿ. ಎರಡೂ ಒಟ್ಟಿಗೆ ಇರುವುದುಂಟು. ಅರಳೆಯ ಕಡ್ಡಿಯಿಂದ ಸ್ವಲ್ಪ ಗುಗ್ಗೆ ತೆಗೆದು, ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವೇ ನಿಮಿಷಗಳಲ್ಲಿ ಯಾವುದೆಂದು ತಿಳಿಯುತ್ತದೆ. ಪಶುವೈದ್ಯರಲ್ಲಿಗೆ ಹೋದಾಗ ಈ ಪರೀಕ್ಷೆಯನ್ನು ನೀವಾಗಿಯೇ ಕೇಳಿ. ಶಿಲೀಂಧ್ರಕ್ಕೆ ಕೊಡುವ ಔಷಧಿ ಬ್ಯಾಕ್ಟೀರಿಯಾಕ್ಕೆ ತಾಗುವುದಿಲ್ಲ, ಬ್ಯಾಕ್ಟೀರಿಯಾಕ್ಕೆ ಕೊಡುವುದು ಶಿಲೀಂಧ್ರಕ್ಕೆ ತಾಗುವುದಿಲ್ಲ.

ಕೆರೆ, ಕಾಲುವೆಗಳಲ್ಲಿ ಈಜುವ ನಾಯಿಗೆ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಸದಾ ನೆನೆಯುವ ನಾಯಿಗೆ ಕಿವಿ ಸೋರುವುದು ಹೆಚ್ಚು. ನೆನೆದು ಬಂದಾಗ ಒಣಬಟ್ಟೆಯಿಂದ ಕಿವಿಯ ಒಳಭಾಗವನ್ನು ಬೆರಳು ಹೋಗುವಷ್ಟು ದೂರ ಒರಸಿದರೆ ಎಷ್ಟೋ ತೊಂದರೆ ತಪ್ಪುತ್ತದೆ. ಮೈ ತೊಳೆಯುವಾಗ ಕಿವಿಗೆ ಸಡಿಲವಾಗಿ ಅರಳೆಯ ಉಂಡೆ ಇಟ್ಟು, ಮುಗಿದ ಮೇಲೆ ಮರೆಯದೆ ತೆಗೆಯಿರಿ. ಮರೆತ ಅರಳೆಯೇ ಒಳಗೆ ಕೊಳೆತು ವಾಸನೆ ಬಂದದ್ದೂ ಉಂಟು!

ವರ್ಷದಲ್ಲಿ ಹಲವು ಬಾರಿ ಮರುಕಳಿಸುತ್ತಿದ್ದರೆ, ಜೊತೆಗೆ ನಾಯಿಯು ಪಾದಗಳನ್ನು ನೆಕ್ಕುತ್ತಿದ್ದರೆ, ಕಂಕುಳು ಹೊಟ್ಟೆಗಳು ಕೆಂಪಾಗಿದ್ದರೆ, ಮೂಲ ಕಾರಣ ಕಿವಿಯಲ್ಲಿಲ್ಲ. ಚಿಗಟ, ಧೂಳು, ಪರಾಗ ಅಥವಾ ಯಾವುದೋ ಒಂದು ಆಹಾರ ಅದರ ಮೈಗೆ ಒಗ್ಗುತ್ತಿಲ್ಲ. ಇದನ್ನು ಪಶುವೈದ್ಯರ ಗಮನಕ್ಕೆ ತರಬೇಕು.

ಹುಲ್ಲಿನ ಬೀಜ

ಮುಂಗಾರು ಬೆಳೆ ಕಟಾವಿನ ಕಾಲದಲ್ಲಿ ಬೀಳುನೆಲದ ಹುಲ್ಲು ಒಣಗಿ ಬೀಜ ಉದುರಿಸುತ್ತದೆ. ಈಟಿಯಂತೆ ಚೂಪಾದ ಮೊನೆಯೂ ಹಿಂದಕ್ಕೆ ಬಾಗಿದ ರೋಮಗಳೂ ಇರುವ ಬೀಜವು ನಾಯಿಯ ಕಿವಿಗೆ ಹೊಕ್ಕರೆ ಮುಂದಕ್ಕೆ ಮಾತ್ರ ಸರಿಯುತ್ತದೆ, ಹಿಂದಕ್ಕೆ ಬರುವುದಿಲ್ಲ. ಭತ್ತದ ಸುಂಕೂ ಹಾಗೆಯೇ. ಹೊಲದಿಂದ ಬಂದ ನಾಯಿಯು ಹಠಾತ್ತಾಗಿ ಕಿರುಚಿ, ಒಂದೇ ಕಡೆಗೆ ತಲೆ ವಾಲಿಸಿ, ಹುಚ್ಚು ಹಿಡಿದಂತೆ ಒದರತೊಡಗಿದರೆ ಇದನ್ನೇ ಮೊದಲು ಶಂಕಿಸಿ. ಹೊರಗೆ ತುದಿ ಕಾಣುತ್ತಿದ್ದರೆ ಚಿಮಟದಿಂದ ತೆಗೆಯಬಹುದು. ಕಾಣದಿದ್ದರೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ನಾಳೆಗೆ ಬಿಟ್ಟರೆ ಅದು ತಮಟೆಯನ್ನೇ ತೂರಿ ಹೋಗಬಹುದು. ಉತ್ತರಾಣಿಯ ಕಾಯಿ ಅಷ್ಟು ಒಳಕ್ಕೆ ಹೋಗದಿದ್ದರೂ ಕಿವಿಯ ಕೂದಲಿಗೆ ಅಂಟಿ ಗಂಟಾಗುವುದರಿಂದ ಆಯ್ದು ತೆಗೆಯುತ್ತಿರಬೇಕು.

ಹುಳು ಬಿದ್ದ ಕಿವಿ

ಕಚ್ಚುವ ನೊಣಗಳು ನಿಮಿರುಕಿವಿಯ ತುದಿಯನ್ನೂ ಜೋಲುಕಿವಿಯ ಮಡಿಕೆಯನ್ನೂ ಕಡಿದು ಕರಿಯ ಹಕ್ಕಳೆ ಕಟ್ಟುವಂತೆ ಮಾಡುತ್ತವೆ. ಆ ರಕ್ತದ ವಾಸನೆಗೆ ಬೇರೆ ನೊಣಗಳು ಬಂದು ಮೊಟ್ಟೆಯಿಡುತ್ತವೆ. ಒಂದೇ ದಿನದಲ್ಲಿ ಮೊಟ್ಟೆಯೊಡೆದು ಹುಳುಗಳು ಜೀವಂತ ಮಾಂಸವನ್ನು ಕೊರೆಯತೊಡಗುತ್ತವೆ. ವಾರವಾಗುವಷ್ಟರಲ್ಲಿ ಕಿವಿಯ ಬುಡದಲ್ಲಿ ಮುಷ್ಟಿ ಹಿಡಿಯುವಷ್ಟು ಗುಳಿ ಬೀಳುವುದುಂಟು. ಸಣ್ಣ ಗಾಯವಾದಾಗಲೇ ತೊಳೆದು, ನೊಣ ಕೂರದ ಮುಲಾಮು ಹಚ್ಚಿದರೆ ಈ ಹಿಂಸೆ ಇಲ್ಲ. ಸಗಣಿಯ ತಿಪ್ಪೆಯ ಪಕ್ಕದಲ್ಲಿ ನಾಯಿಯನ್ನು ಕಟ್ಟುವವರು ಕಟ್ಟುವ ಜಾಗವನ್ನು ಬದಲಿಸಲಿ.

ಹೊರಗಿವಿಯ ತೆರೆದ ಗಾಯದಲ್ಲಿ ಹುಳುವಿದ್ದರೆ ಉಪ್ಪುನೀರಿನಿಂದ ತೊಳೆದು, ಕಂಡಷ್ಟನ್ನು ಚಿಮಟದಿಂದ ತೆಗೆದು ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಟರ್ಪೆಂಟೈನ್ ಎಣ್ಣೆಯನ್ನು ದನಗಳ ಗಾಯದ ಹುಳುವಿಗೆ ಹಾಕುವುದನ್ನು ನೀವು ನೋಡಿರಬಹುದು. ಅದನ್ನು ಕಿವಿನಾಳದೊಳಕ್ಕೆ ಸುರಿಯಬೇಡಿ. ನುಸಿಗುಳಿಗೆಯ ಪುಡಿ, ಫಿನಾಯಿಲ್, ಹೊಗೆಸೊಪ್ಪಿನ ನೀರು, ಬೆಳೆಗೆ ಸಿಂಪಡಿಸುವ ಕೀಟನಾಶಕ ಇವು ಹುಳುವನ್ನು ಕೊಲ್ಲುವುದು ನಿಜ. ಆದರೆ ನಾಯಿಯು ತಲೆ ಒದರಿ, ಪಂಜಿನಿಂದ ಉಜ್ಜಿ, ಪಂಜನ್ನು ನೆಕ್ಕಿ ಅದೇ ವಿಷವನ್ನು ನುಂಗುತ್ತದೆ. ಗಾಯದ ಮೂಲಕವೂ ವಿಷ ಒಳಸೇರುತ್ತದೆ. ಹುಳುವಿನಿಂದಲ್ಲದೆ ಮದ್ದಿನಿಂದ ನಾಯಿಯನ್ನು ಕಳೆದುಕೊಂಡವರಿದ್ದಾರೆ.

ಕಿವಿ ಚೀಲದಂತೆ ಊದುವುದು

ಬಹಳ ಒದರಿದಾಗ ಕಿವಿಯ ಚರ್ಮದೊಳಗಿನ ರಕ್ತನಾಳ ಒಡೆದು, ರಕ್ತ ತುಂಬಿ ಕಿವಿಯು ಮೆತ್ತನೆಯ ದಿಂಬಿನಂತಾಗುತ್ತದೆ. ಸೂಜಿಯಿಂದ, ಜಾಲಿಮುಳ್ಳಿನಿಂದ ಚುಚ್ಚಿ ಬಿಡಬೇಡಿ. ರಕ್ತ ಮತ್ತೆ ತುಂಬುತ್ತದೆ, ಕೀವಾಗುತ್ತದೆ. ಹಾಗೆಯೇ ಬಿಟ್ಟರೆ ಕಿವಿ ಒಣಗಿದ ಎಲೆಯಂತೆ ಸುರುಟಿಕೊಳ್ಳುತ್ತದೆ. ವೈದ್ಯರು ರಕ್ತ ತೆಗೆದು ಔಷಧಿ ಕೊಡುತ್ತಾರೆ ಅಥವಾ ಸಣ್ಣ ಶಸ್ತ್ರಕ್ರಿಯೆ ಮಾಡಿ ಹೊಲಿಗೆ ಹಾಕುತ್ತಾರೆ. ಒದರುವುದಕ್ಕೆ ಕಾರಣವಾದ ನುಸಿ, ಉಣ್ಣೆ, ಸೋರುವಿಕೆಗಳನ್ನೂ ಜೊತೆಗೇ ನೋಡಿಸತಕ್ಕದ್ದು.

ಸ್ವಚ್ಛಗೊಳಿಸುವ ಕ್ರಮ

ಆರೋಗ್ಯವಾದ ಕಿವಿಯನ್ನು ತೊಳೆಯುವ ಅಗತ್ಯವಿಲ್ಲ. ಅತಿಯಾಗಿ ತೊಳೆದರೆ ಚರ್ಮ ನೆನೆದು ರೋಗ ಬರುತ್ತದೆ. ಗುಗ್ಗೆ ಬೇಗ ತುಂಬುವ ಜೋಲುಕಿವಿಯ ನಾಯಿಗಳಿಗೆ ಎರಡು ವಾರಕ್ಕೊಮ್ಮೆ ಸಾಕು. ನೋವು, ಕೀವು, ರಕ್ತ ಅಥವಾ ತಲೆ ವಾಲಿಕೆ ಇದ್ದರೆ ಮನೆಯಲ್ಲಿ ಏನನ್ನೂ ಬಿಡದೆ ವೈದ್ಯರಿಗೆ ತೋರಿಸಿ.

ನಾಯಿಯ ಕಿವಿ ತೊಳೆಯಲೆಂದೇ ಮಾರುವ ದ್ರಾವಣವನ್ನು ಪಶುವೈದ್ಯರನ್ನು ಕೇಳಿ ಕೊಳ್ಳಿ. ಅದು ತಣ್ಣಗಿದ್ದರೆ ನಾಯಿ ಬೆಚ್ಚಿಬೀಳುತ್ತದೆ. ಸೀಸೆಯನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದು ಬೆಚ್ಚಗಾಗಿಸಿ. ಕಿವಿಯನ್ನು ಮೇಲಕ್ಕೂ ಸ್ವಲ್ಪ ಹೊರಕ್ಕೂ ಹಿಡಿದರೆ ನಾಳದ ತಿರುವು ಕೊಂಚ ನೇರವಾಗುತ್ತದೆ. ಸೀಸೆಯ ಮೂತಿಯನ್ನು ಒಳಗೆ ತುರುಕದೆ, ನಾಳ ತುಂಬುವಷ್ಟು ದ್ರಾವಣ ಬಿಡಿ. ಬಳಿಕ ಕಿವಿಯ ಬುಡವನ್ನು ಹೊರಗಿನಿಂದ ಅರ್ಧ ನಿಮಿಷ ಮೆಲ್ಲಗೆ ಮರ್ದಿಸಿ. ಕೆಸರಿನಲ್ಲಿ ಕಾಲಿಟ್ಟಾಗ ಆಗುವಂಥ ಪಚಪಚ ಸದ್ದು ಬಂದರೆ ದ್ರಾವಣ ಕೆಳಗಿಳಿದಿದೆ ಎಂದರ್ಥ. ಈಗ ಕೈಬಿಟ್ಟು ದೂರ ನಿಲ್ಲಿ. ನಾಯಿಯು ಜೋರಾಗಿ ಒದರುತ್ತದೆ, ಒಳಗಿನ ಕಸ ಮೇಲೆ ಬರುತ್ತದೆ. ನಾವು ಕೈಯಿಂದ ಮಾಡಲಾಗದ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ. ಮೇಲೆ ಬಂದದ್ದನ್ನು ಬೆರಳಿಗೆ ಸುತ್ತಿದ ಅರಳೆಯಿಂದ ಒರಸಿ. ಎರಡು ಕಿವಿಗೂ ಬೇರೆ ಬೇರೆ ಅರಳೆ ಬಳಸಿ.

ಬೆಂಕಿಕಡ್ಡಿಗೆ ಅರಳೆ ಸುತ್ತಿ ಒಳಗೆ ತಿರುಗಿಸುವುದು, ಗರಿಯಿಂದ ಕೆದಕುವುದು ಇವು ಕಸವನ್ನು ಇನ್ನೂ ಕೆಳಕ್ಕೆ ದೂಡಿ ತಮಟೆಗೆ ಒತ್ತುತ್ತವೆ. ಸ್ಪಿರಿಟ್ ಮತ್ತು ನೊರೆಬರುವ ಹೈಡ್ರೋಜನ್ ಪೆರಾಕ್ಸೈಡ್ ಕೆಂಪಾದ ಚರ್ಮವನ್ನು ಇನ್ನಷ್ಟು ಸುಡುತ್ತವೆ. ಕೊಬ್ಬರಿ ಎಣ್ಣೆಯೂ ಬೇವಿನ ಎಣ್ಣೆಯೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಹೊರಚರ್ಮದ ಮೇಲೆ ತೆಳುವಾಗಿ ಸವರಿದರೆ ಹಾನಿಯಿಲ್ಲದಿರಬಹುದು. ನಾಳಕ್ಕೆ ಸುರಿದ ಎಣ್ಣೆ ಮಾತ್ರ ತಿರುವಿನಲ್ಲಿ ನಿಂತು, ಗುಗ್ಗೆಯೊಡನೆ ಕಲೆತು, ಗಾಳಿಯನ್ನು ಕಟ್ಟುತ್ತದೆ. ವೈದ್ಯರು ಒಳಗೆ ನೋಡುವುದಕ್ಕೂ ಅದು ಅಡ್ಡಿ. ಇನ್ನು ಬಿಸಿ ಎಣ್ಣೆಯ ವಿಚಾರ: ನಮ್ಮ ಬೆರಳಿಗೆ ಹದವಾದ ಬಿಸಿಯು ಊದಿಕೊಂಡ ಕಿವಿಯ ಒಳಚರ್ಮಕ್ಕೆ ಹದವಲ್ಲ.

ಔಷಧಿ ಹಾಕುವಾಗ

ವೈದ್ಯರು ಕೊಟ್ಟ ಹನಿಗಳನ್ನು ಅವರು ಹೇಳಿದಷ್ಟು ದಿನ, ಹೇಳಿದಷ್ಟು ಹನಿ ಹಾಕಬೇಕು. ಈ ಔಷಧಿಗಳಲ್ಲಿ ಉರಿಯೂತ ತಗ್ಗಿಸುವ ಅಂಶವೂ ಇರುವುದರಿಂದ ಎರಡು ಮೂರು ದಿನಗಳಲ್ಲಿಯೇ ಕೆರೆತ ನಿಂತು ವಾಸಿಯಾದಂತೆ ಕಾಣುತ್ತದೆ. ರೋಗಾಣು ಇನ್ನೂ ಒಳಗಿರುತ್ತದೆ. ಆಗ ನಿಲ್ಲಿಸಿದರೆ ಉಳಿದ ಬ್ಯಾಕ್ಟೀರಿಯಾಗಳು ಅದೇ ಔಷಧಿಗೆ ಬಗ್ಗದವಾಗಿ ಬೆಳೆಯುತ್ತವೆ. ಕೊಳಕು ತುಂಬಿದ ಕಿವಿಗೆ ಔಷಧಿ ಹಾಕಿದರೂ ತಳ ಮುಟ್ಟುವುದಿಲ್ಲವಾದ್ದರಿಂದ, ಮೊದಲು ಎಷ್ಟು ದಿನಕ್ಕೊಮ್ಮೆ ಸ್ವಚ್ಛಮಾಡಬೇಕೆಂದು ಕೇಳಿ ತಿಳಿದುಕೊಳ್ಳಿ. ಔಷಧಿ ಮುಗಿದ ಮೇಲೆ ಇನ್ನೊಮ್ಮೆ ತೋರಿಸುವುದು ಲೇಸು. ಸೀಸೆಯಲ್ಲಿ ಉಳಿದದ್ದನ್ನು ಮುಂದಿನ ವರ್ಷಕ್ಕೆಂದು ಇಡಬೇಡಿ.

ನಾಯಿಯು ಒಂದೇ ಕಡೆಗೆ ಸುತ್ತುತ್ತಿದ್ದರೆ, ನಡೆಯುವಾಗ ವಾಲಿ ಬೀಳುತ್ತಿದ್ದರೆ, ಕಣ್ಣುಗುಡ್ಡೆಗಳು ತಾವಾಗಿ ಅತ್ತಿತ್ತ ಹೊಯ್ದಾಡುತ್ತಿದ್ದರೆ, ಬಾಯಿ ತೆರೆಯಲು ನೋವಾಗುತ್ತಿದ್ದರೆ ರೋಗ ನಡುಗಿವಿ ಅಥವಾ ಒಳಗಿವಿಗೆ ಇಳಿದಿರುವ ಸಂಭವವಿದೆ. ಇಂಥ ನಾಯಿಯನ್ನು ಅದೇ ದಿನ ತೋರಿಸಬೇಕು. ಹನಿ ಹಾಕಿದ ಮೇಲೆ ಈ ಲಕ್ಷಣಗಳು ಕಂಡರೆ ಆ ಔಷಧಿಯನ್ನು ನಿಲ್ಲಿಸಿ, ಸೀಸೆಯನ್ನು ಜೊತೆಗೆ ಒಯ್ಯಿರಿ.

ಕಿವಿ ಕತ್ತರಿಸುವ ರೂಢಿ

ಮರಿಯ ಕಿವಿ ಕತ್ತರಿಸಿದರೆ ಅದು ಚುರುಕಾಗುತ್ತದೆ, ಸಿಟ್ಟಾಗುತ್ತದೆ ಎಂಬ ನಂಬಿಕೆ ಕೆಲವು ಕಡೆ ಉಳಿದಿದೆ. ಇದಕ್ಕೆ ಆಧಾರವಿಲ್ಲ. ಕಿವಿಯ ಹೊರಭಾಗವು ಸದ್ದನ್ನು ಹಿಡಿದು ದಿಕ್ಕು ಗೊತ್ತುಮಾಡಲು ಇದೆ. ಅದನ್ನು ಕತ್ತರಿಸಿದ ಗಾಯಕ್ಕೆ ನೊಣ ಕೂತು ಹುಳು ಬೀಳುತ್ತದೆ. ಪ್ರಾಣಿಹಿಂಸೆ ತಡೆಯುವ 1960ರ ಕಾಯಿದೆಯಂತೆ ಪ್ರಾಣಿಯ ಅಂಗವನ್ನು ಊನಗೊಳಿಸುವುದು ಅಪರಾಧ. ಆದರೆ ಊರಿನ ಬೀದಿನಾಯಿಯೊಂದರ ಕಿವಿಯ ತುದಿ ಒಂದು ಕಚ್ಚಿನಷ್ಟು ಇಲ್ಲದಿರುವುದನ್ನು ಕಂಡರೆ ಅದನ್ನು ಗಾಯವೆಂದು ತಿಳಿಯಬೇಡಿ. ಸಂತಾನಹರಣ ಶಸ್ತ್ರಕ್ರಿಯೆ ಆದ ನಾಯಿಯನ್ನು ಗುರುತಿಸಲು, ಅರಿವಳಿಕೆಯಲ್ಲಿರುವಾಗಲೇ ಹೀಗೆ ಗುರುತು ಮಾಡಿರುತ್ತಾರೆ.

ಮರಿಗಳಲ್ಲಿ

ಹುಟ್ಟಿದಾಗ ನಾಯಿಮರಿಯ ಕಿವಿನಾಳ ಮುಚ್ಚಿರುತ್ತದೆ. ಸುಮಾರು ಎರಡು ವಾರಕ್ಕೆ ತೆರೆಯುತ್ತದೆ. ಅಲ್ಲಿಯವರೆಗೆ ಕಿವಿಯನ್ನು ಕೆದಕಬಾರದು. ಆಮೇಲೆ ದಿನಕ್ಕೊಮ್ಮೆ ತೊಡೆಯ ಮೇಲೆ ಕೂರಿಸಿಕೊಂಡು, ಎರಡೂ ಕಿವಿಗಳನ್ನು ಮಗುಚಿ ನೋಡಿ, ಬುಡವನ್ನು ಸವರಿ, ಒಂದು ಚೂರು ರೊಟ್ಟಿಯನ್ನೋ ಮುದ್ದೆಯನ್ನೋ ಕೊಡಿ. ಮಕ್ಕಳಿಗೆ ಈ ಕೆಲಸ ವಹಿಸಿದರೆ ಸಂತೋಷದಿಂದ ಮಾಡುತ್ತಾರೆ, ದೊಡ್ಡವರೊಬ್ಬರು ಹತ್ತಿರವಿದ್ದರಾಯಿತು. ಹೀಗೆ ಒಂದೆರಡು ತಿಂಗಳು ರೂಢಿಯಾದ ಮರಿಯು ಬೆಳೆದ ಮೇಲೆ ಕಿವಿಯಲ್ಲಿ ಉಣ್ಣೆಯಿದ್ದರೂ ಹುಲ್ಲಿದ್ದರೂ ತಾನಾಗಿ ಬಂದು ತಲೆಯೊಡ್ಡಿ ನಿಲ್ಲುತ್ತದೆ, ಬಾಯಿಗೆ ಬಟ್ಟೆ ಕಟ್ಟುವ ಪ್ರಮೇಯವೂ ಅನೇಕ ವೇಳೆ ಬರುವುದಿಲ್ಲ.